ಹೊಯ್ಸಳ ಭಿತ್ತಿರಚನೆಯಲ್ಲಿ ತಲರೇಖೆ ಮತ್ತು ಪಾರ್ಶ್ವರೇಖೆ: ಪಂಚನಹಳ್ಳಿಯ ಸುತ್ತಲ ಸೀಮೆಯನ್ನು ಕುರಿತ ಒಂದು ವಿಚಾರ

೧

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಳ ಇತಿಹಾಸವನ್ನು ಬರೆಯುವವರಿಗೆ ಶಾಸನಗಳ ಕೊರತೆಯಿಲ್ಲ. ಕ್ರಿ.ಶ. ೧೯೦೧ರಲ್ಲಿ ರೈಸ್ ಅವರು ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವು ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಅಂದಿನಿಂದ ಇಂದಿನವರೆಗೆ ಆ ಶಾಸನಗಳ ಮೇಲೆ ವಿದ್ವಾಂಸರು ನಡೆಸಿರುವ ಚರ್ಚೆ ಅಪಾರವಾದುದು. ಆದರೆ ಶಾಸನವನ್ನು ಓದಲು ದೇವಾಲಯಕ್ಕೆ ಹೋದವರು, ಆ ಶಾಸನದ ಬೆನ್ನಿಗೆ ನಿಂತ ಗೋಡೆಯನ್ನು ಅಷ್ಟೇ ಶ್ರದ್ಧೆಯಿಂದ ಓದಿದ್ದಾರೆಂದು ಹೇಳುವಂತಿಲ್ಲ. ಗೋಡೆಯ ಮೇಲಿನ ವಿಗ್ರಹಗಳನ್ನು ವರ್ಣಿಸಿದ್ದಾರೆ. ಗೋಡೆಯನ್ನೇ ವರ್ಣಿಸಿದವರು ಕೆಲವರು ಮಾತ್ರ.

ಪಂಚನಹಳ್ಳಿಯಂತಹ ಬಯಲುಸೀಮೆಯ ಊರಿನಲ್ಲಿ ನಿಂತು ನೋಡಿದರೆ ಈ ಕೊರತೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಅಲ್ಲಿಂದ ಹೊರಟವನು ಒಂದು ದಿನದ ಪ್ರಯಾಣದೊಳಗೆ ಅರಸೀಕೆರೆಯ ಈಶ್ವರ ದೇವಾಲಯವನ್ನೂ, ಹಿರೇನಲ್ಲೂರಿನ ಮಲ್ಲಿಕಾರ್ಜುನ ದೇವಾಲಯವನ್ನೂ, ತರೀಕೆರೆಯಾಚೆಯ ಅಮೃತಾಪುರವನ್ನೂ, ಚಿಕ್ಕಮಗಳೂರು ತಾಲ್ಲೂಕಿನ ಬೆಳವಾಡಿಯನ್ನೂ ತಲುಪಬಹುದು. ಇಷ್ಟು ಕಿರಿದಾದ ಆವರಣದಲ್ಲಿ ಚೌಕದ ಗೋಡೆ, ಮೆಟ್ಟಿಲುಮೆಟ್ಟಿಲಾದ ಗೋಡೆ, ಸಮನಾದ ನಕ್ಷತ್ರ, ವಿಷಮವಾದ ನಕ್ಷತ್ರ, ಇವೆಲ್ಲವೂ ಕಾಣದೊರೆಯುತ್ತವೆ. ಗೋಡೆಯ ಆಕಾರವನ್ನು ನಮ್ಮ ರೂವಾರಿಗಳು ಹೇಗೆ ಕಲ್ಪಿಸಿದರು, ಯಾವ ಭಾಗವನ್ನು ಬದಲಿಸಿದರು, ಯಾವುದನ್ನು ಬದಲಿಸದೆ ಉಳಿಸಿಕೊಂಡರು ಎಂಬುದನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಪ್ರೇರಣೆ ದೊರೆತುದು ಅನಿರೀಕ್ಷಿತವಾದ ಒಂದು ಕಡೆಯಿಂದ. ಇಂದು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಗಣಕಯಂತ್ರದಲ್ಲಿ ಕಟ್ಟಡದ ಪ್ರತಿಕೃತಿಯನ್ನು ರಚಿಸುತ್ತಾರೆ. ರೆವಿಟ್, ಆರ್ಕಿಕ್ಯಾಡ್ ಮೊದಲಾದ ತಂತ್ರಾಂಶಗಳಲ್ಲಿ ಗೋಡೆಯೆಂಬುದು ಮೊದಲು ನೆಲದ ಮೇಲೆಳೆದ ಒಂದು ಗೆರೆ. ಆ ಗೆರೆಯ ಉದ್ದಕ್ಕೂ ಅಡ್ಡಸೀಳಿನ ಒಂದು ಆಕೃತಿಯನ್ನು ನಡೆಸಿಕೊಂಡು ಹೋದರೆ ಗೋಡೆ ಎದ್ದು ನಿಲ್ಲುತ್ತದೆ. ಗೆರೆಯನ್ನು ತಿದ್ದಿದರೆ ಗೋಡೆಯ ದಾರಿ ಬದಲಾಗುತ್ತದೆ. ಅಡ್ಡಸೀಳನ್ನು ತಿದ್ದಿದರೆ ಅದರ ಮೈ ಬದಲಾಗುತ್ತದೆ. ನಮ್ಮ ವಿಭಾಗದ ವಿದ್ಯಾರ್ಥಿಗಳು ತರಗತಿಯ ಅಭ್ಯಾಸಕ್ಕಾಗಿ ಅರಸೀಕೆರೆಯ ಗರ್ಭಗೃಹದ ಗೋಡೆಯನ್ನು ಈ ರೀತಿಯಲ್ಲಿ ರಚಿಸಲು ಯತ್ನಿಸಿ ಸೋತರು. ಆ ಸೋಲಿನ ಕಾರಣವನ್ನು ಹುಡುಕುತ್ತಾ ಹೋದುದರ ಫಲವೇ ಮುಂದಿನ ಮಾತುಗಳು.

೨

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಗೋಡೆಯು ನೆಲದ ಮೇಲೆ ಸಾಗುವ ದಾರಿಯನ್ನು ಇಲ್ಲಿ ‘ತಲರೇಖೆ’ಯೆಂದು ಕರೆದಿದೆ. ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿದರೆ ಅಂಚಿನಲ್ಲಿ ಕಾಣುವ ಏರುತಗ್ಗುಗಳ ಗೆರೆಯನ್ನು ‘ಪಾರ್ಶ್ವರೇಖೆ’ಯೆಂದು ಕರೆದಿದೆ. ಭದ್ರ, ಪ್ರತಿರಥ, ಕರ್ಣಗಳೆಂಬ ವಿಭಾಗಗಳು ತಲರೇಖೆಗೆ ಸೇರಿದುವು. ಜಗತಿ, ಕುಮುದ, ಗಳ, ಕಪೋತ, ಪಟ್ಟಿಕೆಗಳೆಂಬ ಅಧಿಷ್ಠಾನದ ಪಟ್ಟಿಗಳು ಪಾರ್ಶ್ವರೇಖೆಗೆ ಸೇರಿದುವು. ಈ ಎರಡು ರೇಖೆಗಳ ಸಂಗಮದಿಂದಲೇ ಹೊಯ್ಸಳ ಭಿತ್ತಿ ಹುಟ್ಟುತ್ತದೆ.

ಇವುಗಳನ್ನು ಬೇರೆಬೇರೆಯಾಗಿ ಕಲ್ಪಿಸುವ ಪದ್ಧತಿ ಭಾರತೀಯ ಶಿಲ್ಪಿಗಳಿಗೆ ಹೊಸದಲ್ಲ. ಭೋಪಾಲದ ಸಮೀಪದ ಭೋಜಪುರದಲ್ಲಿ, ಪರಮಾರ ಭೋಜನ ಕಾಲದ್ದೆಂದು ಹೇಳುವ ಹನ್ನೊಂದನೆಯ ಶತಮಾನದ ಅಪೂರ್ಣ ಶಿವಾಲಯದ ಸುತ್ತಲಿನ ಬಂಡೆಗಳ ಮೇಲೆ, ಶಿಲ್ಪಿಗಳು ಕೊರೆದ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ತಲವಿನ್ಯಾಸಗಳು ಒಂದೆಡೆ, ಪಟ್ಟಿಗಳ ಅಡ್ಡಸೀಳುಗಳು ಮತ್ತೊಂದೆಡೆ ಅಲ್ಲಿ ಕಂಡುಬರುತ್ತವೆ. ಆಡಂ ಹಾರ್ಡಿಯವರು ಈ ಚಿತ್ರಗಳನ್ನು ‘ಸಮರಾಂಗಣ ಸೂತ್ರಧಾರ’ದೊಡನೆ ಹೋಲಿಸಿ ವಿವರವಾಗಿ ವಿಚಾರಮಾಡಿದ್ದಾರೆ. ಕಾಗದವಿಲ್ಲದ ಕಾಲದಲ್ಲಿ ಬಂಡೆಯೇ ಶಿಲ್ಪಿಗೆ ನಕ್ಷೆಯ ಹಾಳೆಯಾಗಿತ್ತು. ಗಣಕಯಂತ್ರವು ಇಂದು ಎರಡು ಆಜ್ಞೆಗಳಲ್ಲಿ ಬೇರ್ಪಡಿಸುವುದನ್ನು ಶಿಲ್ಪಿ ಅಂದು ಎರಡು ಬಂಡೆಗಳ ಮೇಲೆ ಬೇರ್ಪಡಿಸಿದ್ದನು.

೩

ಇನ್ನು ತಲರೇಖೆಯನ್ನು ನೋಡೋಣ. ನಕ್ಷತ್ರಾಕಾರದ ದೇವಾಲಯವೆಂದೊಡನೆ ಅದು ಬಹು ಕ್ಲಿಷ್ಟವಾದ ಲೆಕ್ಕಾಚಾರದ ಫಲವೆಂದು ಸಾಮಾನ್ಯ ವಾಚಕರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ತಿರುಗಿಸುತ್ತಾ ಹೋದರೆ ನಕ್ಷತ್ರ ತಾನಾಗಿಯೇ ಮೂಡುತ್ತದೆ. ಎರಡು ಚೌಕಗಳಿಂದ ಎಂಟು ಮೊನೆಗಳು, ನಾಲ್ಕು ಚೌಕಗಳಿಂದ ಹದಿನಾರು, ಆರು ಚೌಕಗಳಿಂದ ಇಪ್ಪತ್ತನಾಲ್ಕು, ಎಂಟು ಚೌಕಗಳಿಂದ ಮೂವತ್ತೆರಡು ಮೊನೆಗಳು ಉಂಟಾಗುತ್ತವೆ. ನಡುವೆ ಒಂದು ಗೂಟ, ಒಂದು ಹಗ್ಗ, ಒಂದು ಮೂಲೆಮಟ್ಟ, ಇಷ್ಟಿದ್ದರೆ ನೆಲದ ಮೇಲೆ ಗುರುತುಹಾಕಲು ಸಾಕು. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯದಲ್ಲಿ ಇಪ್ಪತ್ತನಾಲ್ಕು ಮೊನೆಗಳ ಅಖಂಡ ನಕ್ಷತ್ರವಿರುವುದು ಸುವಿದಿತವಾಗಿದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದುಂಟು. ಚೌಕಗಳನ್ನು ಎಷ್ಟೇ ತಿರುಗಿಸಿದರೂ ಹೊರಚಾಚಿದ ಮೊನೆಯ ಕೋನ ಯಾವಾಗಲೂ ೯೦ ಅಂಶಗಳೇ ಆಗಿರುತ್ತದೆ. ಏಕೆಂದರೆ ಅದು ಚೌಕದ ಮೂಲೆ. ಬದಲಾಗುವುದು ಒಳಮೂಲೆ ಮಾತ್ರ. ಎಂಟು ಮೊನೆಗಳ ನಕ್ಷತ್ರದಲ್ಲಿ ಆ ಒಳಮೂಲೆಯ ತೆರಪು ೧೩೫ ಅಂಶಗಳು, ಹದಿನಾರರಲ್ಲಿ ೧೧೨.೫, ಮೂವತ್ತೆರಡರಲ್ಲಿ ೧೦೧.೨೫ ಅಂಶಗಳು. ಎಂದರೆ ಮೊನೆಯ ಕಲ್ಲನ್ನು ಕೆತ್ತುವವನು ಚೌಕದ ಗುಡಿಗೆ ಬಳಸುವ ಮೂಲೆಮಟ್ಟವನ್ನೇ ನಕ್ಷತ್ರದ ಗುಡಿಗೂ ಬಳಸಬಹುದಾಗಿತ್ತು. ಕಷ್ಟವೆಲ್ಲವೂ ಎರಡು ಮೊನೆಗಳು ಕೂಡುವ ಒಳಸಂದಿನಲ್ಲಿ ಅಡಗಿತ್ತು. ಆ ಸಂದು ನೆರಳಿನಲ್ಲಿದ್ದು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಇದರಿಂದ ಲಭಿಸುವ ಪ್ರಯೋಜನವನ್ನೂ ಲೆಕ್ಕಹಾಕಬಹುದು. ಒಂದೇ ಕರ್ಣದ ಅಳತೆಯನ್ನು ಇಟ್ಟುಕೊಂಡು ಚೌಕವನ್ನು ಎಂಟು ಮೊನೆಗಳ ನಕ್ಷತ್ರವಾಗಿಸಿದರೆ ಗೋಡೆಯ ಉದ್ದ ಆರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ; ಹದಿನಾರು ಮೊನೆಗಳಾದರೆ ಮೂರನೆಯ ಒಂದು ಪಾಲಿನಷ್ಟು; ಮೂವತ್ತೆರಡಾದರೆ ನೂರಕ್ಕೆ ಸುಮಾರು ೪೩ರಷ್ಟು. ವಿಗ್ರಹಗಳನ್ನು ನಿಲ್ಲಿಸಲು ಅಷ್ಟು ಹೆಚ್ಚಿನ ಮೈ ದೊರೆತಂತಾಯಿತು. ಆದರೆ ಮೊನೆಗಳು ಹೆಚ್ಚಿದಂತೆಲ್ಲ ಒಳಮೂಲೆಯ ಆಳ ಕಡಮೆಯಾಗುತ್ತದೆ. ನಡುಬಿಂದುವಿನಿಂದ ಮೊನೆಯ ತುದಿಗಿರುವ ದೂರವನ್ನು ನೂರು ಎಂದಿಟ್ಟುಕೊಂಡರೆ, ಎಂಟು ಮೊನೆಗಳಲ್ಲಿ ಆಳ ಸುಮಾರು ೨೩, ಹದಿನಾರರಲ್ಲಿ ೧೫, ಮೂವತ್ತೆರಡರಲ್ಲಿ ೮ರಿಂದ ೯ ಮಾತ್ರ. ಮೊನೆಗಳು ಅತಿಯಾದರೆ ಮೈ ಬೆಳೆಯುತ್ತದೆ, ನೆರಳು ಸವೆಯುತ್ತದೆ. ಹದಿನಾರು ಮೊನೆಗಳ ಲೆಕ್ಕದಲ್ಲಿ ಮೈ ಮತ್ತು ನೆರಳು ಎರಡೂ ತಕ್ಕಮಟ್ಟಿಗೆ ಉಳಿಯುತ್ತವೆ. ಸೋಮನಾಥಪುರದ ಮೂರು ಗರ್ಭಗೃಹಗಳಿಗೂ ಹದಿನಾರು ಮೊನೆಗಳ ವಿನ್ಯಾಸವನ್ನೇ ಆರಿಸಿಕೊಂಡುದಕ್ಕೆ ಇಂತಹ ಅನುಭವಜನ್ಯವಾದ ತಿಳಿವಳಿಕೆ ಕಾರಣವಾಗಿದ್ದಿರಬಹುದೆಂದು ಊಹಿಸಲು ಅವಕಾಶವುಂಟು.

ಅಲ್ಲದೆ ಹೊರಗೆ ನಕ್ಷತ್ರವಾದರೂ ಒಳಗೆ ಗರ್ಭಗೃಹ ಚೌಕವಾಗಿಯೇ ಉಳಿಯುತ್ತದೆ. ಆದಕಾರಣ ಹೊಯ್ಸಳ ಗೋಡೆಗೆ ಒಂದೇ ಸಮನಾದ ದಪ್ಪವೆಂಬುದಿಲ್ಲ. ಅದು ಎರಡು ಬೇರೆಬೇರೆ ರೇಖೆಗಳ ನಡುವೆ ತುಂಬಿದ ಘನ. ಗಣಕಯಂತ್ರದ ತಂತ್ರಾಂಶವಾದರೋ ಗೋಡೆಗೆ ಎಲ್ಲೆಡೆಯೂ ಒಂದೇ ದಪ್ಪವಿದೆಯೆಂದು ಮೊದಲೇ ನಂಬಿಕೊಂಡು ಹೊರಡುತ್ತದೆ. ನಮ್ಮ ವಿದ್ಯಾರ್ಥಿಗಳ ಸೋಲಿನ ಮೊದಲನೆಯ ಕಾರಣ ಇದು.

೪

ಎರಡನೆಯ ಕಾರಣ ಅರಸೀಕೆರೆಯ ಗುಡಿಯ ವಿಶೇಷತೆ. ಸುಮಾರು ಕ್ರಿ.ಶ. ೧೨೨೦ರದೆಂದು ಹೇಳುವ ಈ ಈಶ್ವರ ದೇವಾಲಯದ ತೆರೆದ ಮಂಟಪದ ತಲವಿನ್ಯಾಸ ಹದಿನಾರು ಮೊನೆಗಳ ನಕ್ಷತ್ರ. ಅದನ್ನು ಕಂಡ ವಿದ್ಯಾರ್ಥಿಗಳು ಗರ್ಭಗೃಹಕ್ಕೂ ಅದೇ ಸೂತ್ರವನ್ನು ಅನ್ವಯಿಸಿದರು. ಆದರೆ ಗರ್ಭಗೃಹದ ನಕ್ಷತ್ರ ಸಮನಾದುದಲ್ಲ. ಅದರಲ್ಲಿ ಮೂರು ಬಗೆಯ ಮೊನೆಗಳಿವೆ. ಒಂದು ಮೊನೆಯನ್ನು ರಚಿಸಿ ಅದನ್ನೇ ಸುತ್ತಲೂ ಪುನರಾವರ್ತಿಸುವ ಯಂತ್ರದ ಉಪಾಯ ಅಲ್ಲಿ ನಡೆಯದು. ಒಂದೇ ಕಟ್ಟಡದಲ್ಲಿ ಸಮ ನಕ್ಷತ್ರವನ್ನೂ ವಿಷಮ ನಕ್ಷತ್ರವನ್ನೂ ಎದುರುಬದುರಾಗಿ ನಿಲ್ಲಿಸಿದ ಶಿಲ್ಪಿ ಅದನ್ನು ಅಜಾಗರೂಕತೆಯಿಂದ ಮಾಡಿರಲಾರನು. ಸೂತ್ರವನ್ನು ಬಲ್ಲವನೇ ಸೂತ್ರವನ್ನು ಮುರಿಯಲು ಸಮರ್ಥನು. ಈ ಗುಡಿ ವಿಗ್ರಹಗಳ ಸಂಪತ್ತಿನಲ್ಲಿ ಬೇಲೂರು ಹಳೇಬೀಡುಗಳಿಗೆ ಸಮನಲ್ಲದಿದ್ದರೂ, ತಲರೇಖೆಯ ವೈದಗ್ಧ್ಯದಲ್ಲಿ ಅವುಗಳಿಗೆ ಕಡಮೆಯಾದುದಲ್ಲ.

ಬೆಳವಾಡಿಯ ವೀರನಾರಾಯಣ ದೇವಾಲಯ ಇದಕ್ಕೆ ಪೂರಕವಾದ ಇನ್ನೊಂದು ನಿದರ್ಶನ. ಹಳೆಯ ಗುಡಿಯ ಮುಂದೆ ಅನಂತರ ಸೇರಿಸಿದ ಎರಡು ಗುಡಿಗಳು ಪರಸ್ಪರ ಅಭಿಮುಖವಾಗಿವೆ. ಅವುಗಳಲ್ಲಿ ಒಂದರ ತಲವಿನ್ಯಾಸ ಚೌಕ, ಮತ್ತೊಂದರದು ನಕ್ಷತ್ರ. ತಲರೇಖೆಯ ಈ ಎರಡು ಬಗೆಗಳಲ್ಲಿ ಒಂದು ಹಳೆಯದು, ಇನ್ನೊಂದು ಹೊಸದು ಎಂದು ಕಾಲಕ್ರಮವನ್ನು ಕಟ್ಟಲು ಹೊರಡುವವರಿಗೆ ಬೆಳವಾಡಿ ಒಳ್ಳೆಯ ಎಚ್ಚರಿಕೆ. ಅಲ್ಲಿ ಎರಡೂ ಎದುರುಬದುರಾಗಿ ನಿಂತು ಒಂದಕ್ಕೊಂದು ಜೋಡಿಯಾಗಿವೆ. ಮೊನೆಯ ಕಲ್ಲು ಎರಡಕ್ಕೂ ಒಂದೇ ಕೋನದ್ದಾದುದರಿಂದ, ಚೌಕದಿಂದ ನಕ್ಷತ್ರಕ್ಕೆ ಹೋಗುವಾಗ ಪಾರ್ಶ್ವರೇಖೆಯನ್ನು ಹೊಸದಾಗಿ ಕಲ್ಪಿಸಬೇಕಾದ ಅಗತ್ಯ ಶಿಲ್ಪಿಗೆ ಇರಲಿಲ್ಲವೆಂಬುದು ಇಲ್ಲಿ ಸ್ಮರಣೀಯ.

೫

ಪಾರ್ಶ್ವರೇಖೆಯ ವಿಷಯದಲ್ಲಿ ವಿದ್ವಾಂಸರು ಸಾಮಾನ್ಯವಾಗಿ ಎರಡು ಪದ್ಧತಿಗಳನ್ನು ಗುರುತಿಸುತ್ತಾರೆ. ಮೊದಲನೆಯದು ಚಾಲುಕ್ಯರಿಂದ ಬಂದುದು. ಅಧಿಷ್ಠಾನದಲ್ಲಿ ಐದು ಪಟ್ಟಿಗಳು. ಅವುಗಳ ಮೇಲೆ ಕುಡ್ಯಸ್ತಂಭಗಳೂ ಕಿರುಗೋಪುರಗಳೂ ಉಳ್ಳ ಗೋಡೆ. ಗೋಡೆಯ ತುದಿಯಲ್ಲಿ ಒಂದು ಸೂರು. ಎರಡನೆಯದರಲ್ಲಿ ಅಧಿಷ್ಠಾನದ ಉಬ್ಬುತಗ್ಗುಗಳು ಮರೆಯಾಗಿ, ಸಮಾನ ಎತ್ತರದ ಆರು ನೇರ ಪಟ್ಟಿಗಳು ಬರುತ್ತವೆ. ಆನೆ, ಕುದುರೆ, ಬಳ್ಳಿ, ಪುರಾಣಕಥೆ, ಮಕರ, ಹಂಸಗಳ ಸಾಲು ಅಲ್ಲಿಯೇ ಕಾಣುವುದು. ತುದಿಯ ಸೂರಿನ ಕೆಳಗೆ ಸುಮಾರು ಒಂದು ಮೀಟರಿನ ಅಂತರದಲ್ಲಿ ಇನ್ನೊಂದು ಸೂರು ಹೊರಚಾಚಿ, ಕಿರುಗೋಪುರಗಳು ಎರಡು ಸೂರುಗಳ ನಡುವೆಯೂ ವಿಗ್ರಹಗಳು ಕೆಳಗಿನ ಸೂರಿನಡಿಯೂ ನಿಲ್ಲುತ್ತವೆ. ಹದಿಮೂರನೆಯ ಶತಮಾನದ ನುಗ್ಗೇಹಳ್ಳಿ, ಹೊಸಹೊಳಲು, ಜಾವಗಲ್ಲು, ಸೋಮನಾಥಪುರಗಳಲ್ಲಿ ಈ ಎರಡನೆಯ ಪದ್ಧತಿಯನ್ನು ಕಾಣಬಹುದು.

ಈ ಬದಲಾವಣೆಯ ಮರ್ಮವೇನು? ಉಬ್ಬುತಗ್ಗುಗಳುಳ್ಳ ಪಾರ್ಶ್ವರೇಖೆ ತಾನೇ ಅಲಂಕಾರ. ಅದರ ಸೌಂದರ್ಯ ಬೆಳಕು ನೆರಳುಗಳಲ್ಲಿದೆ. ನೇರ ಪಟ್ಟಿಗಳ ಪಾರ್ಶ್ವರೇಖೆ ಶಿಲ್ಪಿಗೆ ಚಿತ್ರ ಬರೆಯಲು ಕೊಟ್ಟ ಬಯಲು. ಮೊದಲನೆಯದರಲ್ಲಿ ವಾಸ್ತುಕಾರನು ಮುಂದಾಳು, ಎರಡನೆಯದರಲ್ಲಿ ರೂವಾರಿ ಮುಂದಾಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಬಿಸಿಲುಗಳಿಗೆ ಒಡ್ಡಿದಮೇಲೆ ಗಟ್ಟಿಯಾಗುವ ಗುಣವುಳ್ಳದ್ದು. ಇಂತಹ ಕಲ್ಲು ಕೈಗೆ ಬಂದಮೇಲೆ ರೂವಾರಿಯ ಉತ್ಸಾಹ ಪಾರ್ಶ್ವರೇಖೆಯನ್ನು ತಿದ್ದಿತೆಂದು ಹೇಳಿದರೆ ತಪ್ಪಾಗಲಾರದು.

ಆದರೆ ಈ ಎರಡು ಪದ್ಧತಿಗಳನ್ನು ಕಾಲನಿರ್ಣಯದ ಮುದ್ರೆಯಂತೆ ಬಳಸುವುದು ಅಪಾಯಕರ. ಕ್ರಿ.ಶ. ೧೨೦೦ಕ್ಕೆ ಮೊದಲು ಉಬ್ಬುಪಟ್ಟಿ, ಅನಂತರ ನೇರಪಟ್ಟಿ ಎಂದು ಕೈಪಿಡಿಗಳಲ್ಲಿ ಓದುತ್ತೇವೆ. ಹನ್ನೆರಡನೆಯ ಶತಮಾನದಲ್ಲಿಯೇ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರದ ಅಡಿಯಲ್ಲಿ ಎಂಟು ನೇರಪಟ್ಟಿಗಳು ಸುತ್ತಿಬಂದಿವೆ. ಅದಕ್ಕೆ ಎಷ್ಟೋ ವರ್ಷಗಳ ಅನಂತರ, ಕ್ರಿ.ಶ. ೧೧೯೬ರಲ್ಲಿ, ಇಮ್ಮಡಿ ಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕಟ್ಟಿಸಿದ ಅಮೃತಾಪುರದ ಗುಡಿ ಚೌಕದ ತಲರೇಖೆಯನ್ನೂ ಹಳೆಯ ಪಾರ್ಶ್ವರೇಖೆಯನ್ನೂ ಉಳಿಸಿಕೊಂಡಿದೆ. ಅಮೃತಾಪುರದ ಶಿಲ್ಪಿಗಳಿಗೆ ಹೊಸದು ತಿಳಿಯದಿತ್ತೆಂದು ಹೇಳಲು ಸಾಧ್ಯವಿಲ್ಲ. ಅಲ್ಲಿನ ತೆರೆದ ಮಂಟಪದ ಹೊರಗಿನ ಕಿರುಗೋಡೆಯಲ್ಲಿ ಒಂದು ನೂರ ನಲವತ್ತು ಫಲಕಗಳು ಸಾಲಾಗಿ ನಿಂತಿವೆ. ದಕ್ಷಿಣದಲ್ಲಿ ಎಪ್ಪತ್ತು ರಾಮಾಯಣದವು, ಉತ್ತರದಲ್ಲಿ ಇಪ್ಪತ್ತೈದು ಕೃಷ್ಣಕಥೆಯವು, ಉಳಿದ ನಲವತ್ತೈದು ಮಹಾಭಾರತದವು. ಕಥೆಗೆ ಬೇಕಾದ ಬಯಲನ್ನು ಮಂಟಪದ ಕಿರುಗೋಡೆಗೆ ಒಪ್ಪಿಸಿ, ಗರ್ಭಗೃಹದ ಗೋಡೆಯಲ್ಲಿ ಹಳೆಯ ಗಾಂಭೀರ್ಯವನ್ನು ಕಾಪಾಡಿದರು. ಇದು ಅಜ್ಞಾನವಲ್ಲ, ಆಯ್ಕೆ. ಪ್ರಾಕಾರದ ಗೋಡೆಯಲ್ಲಿಯೂ ಸಮದೂರದಲ್ಲಿ ವೃತ್ತಾಕಾರದ ಕೆತ್ತನೆಗಳನ್ನಿಟ್ಟು, ಸಾಮಾನ್ಯವಾಗಿ ಯಾರೂ ಲಕ್ಷಿಸದ ಆವರಣಕ್ಕೂ ಒಂದು ಮುಖವನ್ನು ಕೊಟ್ಟರು. ಅಮೃತಾಪುರದ ಶಾಸನ ಕವಿ ಜನ್ನನ ರಚನೆಯೆಂಬ ಕಾರಣದಿಂದ ಸಾಹಿತ್ಯಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ಅಲ್ಲಿಯ ಗೋಡೆಗೂ ಅಂತಹ ಓದುಗರು ದೊರೆಯಬೇಕಾಗಿದೆ.

ಬೇಲೂರು ಇನ್ನೊಂದು ಬಗೆಯ ಪಾಠವನ್ನು ಕಲಿಸುತ್ತದೆ. ಕ್ರಿ.ಶ. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಮಂಟಪ ಮೊದಲು ತೆರೆದಿತ್ತು. ಇಮ್ಮಡಿ ಬಲ್ಲಾಳನ ಕಾಲದಲ್ಲಿ (ಕ್ರಿ.ಶ. ೧೧೭೩–೧೨೨೦) ಕಂಬಗಳ ನಡುವೆ ಜಾಲಂಧ್ರಗಳನ್ನು ಕೂಡಿಸಿ ಅದನ್ನು ಮುಚ್ಚಿದರೆಂಬುದು ವಿದ್ವಾಂಸರ ಅಭಿಪ್ರಾಯ. ಹಾಗೆ ಮುಚ್ಚಿದವರು ಕೆಳಗಿನ ಕಿರುಗೋಡೆಯನ್ನು ಕೆಡಿಸಲಿಲ್ಲ. ಹೊರಕ್ಕೆ ಓರೆಯಾಗಿ ವಾಲಿದ ಕಕ್ಷಾಸನದ ರೇಖೆ ಹಾಗೆಯೇ ಉಳಿದು, ಅದರ ಮೇಲೆ ಜಾಲಂಧ್ರದ ನೇರ ರೇಖೆ ನಿಂತಿತು. ಇಂದು ಬೇಲೂರಿನ ಮಂಟಪದ ಪಾರ್ಶ್ವರೇಖೆಯನ್ನು ಕೆಳಗಿನಿಂದ ಮೇಲಕ್ಕೆ ಓದುವವನು ಎರಡು ಆಳ್ವಿಕೆಗಳನ್ನು ಒಂದರ ಮೇಲೊಂದಾಗಿ ಓದುತ್ತಾನೆ. ಗೋಡೆಯನ್ನು ತಿದ್ದಿದವರು ತಿದ್ದುಪಡಿಯ ಗುರುತನ್ನೂ ಉಳಿಸಿದರು. ಇತಿಹಾಸಕಾರನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

೬

ಈ ಉಪಕಾರವನ್ನು ನಾವು ಮುಂದಿನವರಿಗೆ ಮಾಡುತ್ತಿದ್ದೇವೆಯೆ ಎಂಬುದೇ ಈಗಿನ ಪ್ರಶ್ನೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು ೨೦೨೩ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಅವುಗಳ ಅಳತೆಗಳೂ ನಕ್ಷೆಗಳೂ ಸಂರಕ್ಷಿತವಾಗಿವೆ. ನರಸಿಂಹಾಚಾರ್ಯರು ೧೯೧೭ರಲ್ಲಿ ಸೋಮನಾಥಪುರವನ್ನೂ ೧೯೧೯ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳನ್ನೂ ಕುರಿತು ಪ್ರಕಟಿಸಿದ ಗ್ರಂಥಗಳು ಇಂದಿಗೂ ಆಧಾರಭೂತವಾಗಿವೆ. ಆದರೆ ಹಳ್ಳಿಯ ಅಂಚಿನಲ್ಲಿ, ಕೆರೆಯ ಏರಿಯ ಬಳಿ, ತೆಂಗಿನ ತೋಟಗಳ ನಡುವೆ ನಿಂತಿರುವ ಸಣ್ಣ ಗುಡಿಗಳಿಗೆ ಅಂತಹ ಗ್ರಂಥಗಳಿಲ್ಲ.

ಲೇಖಕನು ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಗ್ರಾಮದಲ್ಲಿ ಇಂತಹ ಗುಡಿಯೊಂದನ್ನು ಕಂಡು, ಅಧಿಷ್ಠಾನದ ಪಟ್ಟಿಗಳನ್ನು ಅಳೆಯಲು ಮತ್ತೊಮ್ಮೆ ಬರುವುದಾಗಿ ಊರವರಿಗೆ ಹೇಳಿ ಹಿಂದಿರುಗಿದನು. ಮತ್ತೆ ಹೋಗುವ ವೇಳೆಗೆ ಜೀರ್ಣೋದ್ಧಾರ ಮುಗಿದಿತ್ತು. ಕುಮುದವೂ ಕಪೋತವೂ ಸಿಮೆಂಟಿನ ಒಂದೇ ಇಳಿಜಾರಿನೊಳಗೆ ಅಡಗಿಹೋಗಿದ್ದುವು. ಒಳಮೂಲೆಗಳನ್ನು ತುಂಬಿ ಗೋಡೆಯನ್ನು ನೇರಗೊಳಿಸಿ ಬಣ್ಣ ಬಳಿದಿದ್ದರು. ಊರವರಿಗೆ ದೇವರ ಮೇಲಿನ ಭಕ್ತಿಗೆ ಕೊರತೆಯಿರಲಿಲ್ಲ. ಗೋಡೆ ಸೋರುತ್ತಿತ್ತು, ಅದನ್ನು ನಿಲ್ಲಿಸಿದರು. “ನೀವು ಮೊದಲೇ ಬಂದು ಬರೆದುಕೊಂಡು ಹೋಗಬಾರದಿತ್ತೆ, ಸ್ವಾಮಿ?” ಎಂದು ಒಬ್ಬ ಹಿರಿಯರು ಕೇಳಿದ ಮಾತಿಗೆ ಉತ್ತರವಿರಲಿಲ್ಲ. ತಪ್ಪು ಅವರದಲ್ಲ, ಅಳತೆಯನ್ನು ಮುಂದೂಡಿದವನದು.

ಗಣಕಯಂತ್ರ ಇಲ್ಲಿ ನೆರವಾಗಬಲ್ಲದು, ಹಾನಿಯನ್ನೂ ಮಾಡಬಲ್ಲದು. ಸಮನಾದ ಒಂದು ಪಾರ್ಶ್ವರೇಖೆಯನ್ನು ಸಮನಾದ ತಲರೇಖೆಯ ಮೇಲೆ ಓಡಿಸಿ ರಚಿಸಿದ ಪ್ರತಿಕೃತಿ ನೋಡಲು ಅಂದವಾಗಿರುತ್ತದೆ. ಆದರೆ ಅದರಲ್ಲಿ ಸಿಮೆಂಟಿನ ಇಳಿಜಾರಿನಲ್ಲಿರುವಂತೆಯೇ ಶಿಲ್ಪಿಯ ತೀರ್ಮಾನಗಳು ಅಳಿಸಿಹೋಗಿರುತ್ತವೆ. ಅರಸೀಕೆರೆಯ ಮೂರು ಬಗೆಯ ಮೊನೆಗಳು ಒಂದೇ ಆಗುತ್ತವೆ. ಬೇಲೂರಿನ ಎರಡು ಕಾಲಗಳು ಒಂದು ಕಾಲವಾಗುತ್ತವೆ. ಯಂತ್ರವು ಸೂತ್ರವನ್ನು ಕೊಡುತ್ತದೆ, ಗುಡಿ ಸೂತ್ರದಿಂದಾದ ವ್ಯತ್ಯಾಸವನ್ನು ಕೊಡುತ್ತದೆ. ಇತಿಹಾಸವಿರುವುದು ಆ ವ್ಯತ್ಯಾಸದಲ್ಲಿ. ಆದಕಾರಣ ಮೊದಲು ಸೂತ್ರದಂತೆ ಪ್ರತಿಕೃತಿಯನ್ನು ರಚಿಸಿ, ಅನಂತರ ಸ್ಥಳದಲ್ಲಿ ತೆಗೆದುಕೊಂಡ ಅಳತೆಗಳನ್ನು ಅದರ ಮೇಲಿಟ್ಟು, ಎರಡೂ ಎಲ್ಲಿ ಹೊಂದುವುದಿಲ್ಲವೆಂಬುದನ್ನು ಗುರುತಿಸುವುದೇ ಸರಿಯಾದ ಕ್ರಮವೆಂದು ತೋರುತ್ತದೆ. ವಿದ್ಯಾರ್ಥಿಗಳ ಸೋಲು ಈ ಕ್ರಮವನ್ನು ತೋರಿಸಿಕೊಟ್ಟುದರಿಂದ ಅದನ್ನು ಸೋಲೆಂದು ಕರೆಯುವುದು ಉಚಿತವಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಹೊಯ್ಸಳ ಭಿತ್ತಿಯ ತಲರೇಖೆ ಮತ್ತು ಪಾರ್ಶ್ವರೇಖೆಗಳು ಒಂದನ್ನೊಂದು ಅವಲಂಬಿಸದೆ ಬದಲಾಗಬಲ್ಲ ಎರಡು ಸ್ವತಂತ್ರ ಅಂಶಗಳು. ಅವುಗಳ ಬದಲಾವಣೆ ಕಾಲಕ್ಕೆ ಮಾತ್ರ ಅಧೀನವಲ್ಲ. ಕಟ್ಟಿಸಿದವನ ಇಚ್ಛೆಗೂ ಕಟ್ಟಿದವನ ವಿವೇಕಕ್ಕೂ ಅಧೀನ. ಶಾಸನವಿಲ್ಲದ ಗುಡಿಯ ಕಾಲವನ್ನು ಪಟ್ಟಿಗಳ ಎಣಿಕೆಯೊಂದರಿಂದಲೇ ನಿರ್ಣಯಿಸುವುದು ಯುಕ್ತವಲ್ಲ. ಪಂಚನಹಳ್ಳಿ, ಕಡೂರು, ಅಜ್ಜಂಪುರ, ತರೀಕೆರೆಗಳ ಸುತ್ತಲಿನ ಸಣ್ಣ ಗುಡಿಗಳ ಎರಡು ರೇಖೆಗಳನ್ನಾದರೂ ಅಳೆದು ಬರೆದಿಡುವುದು ಒಬ್ಬ ಅಧ್ಯಾಪಕ ಮತ್ತು ಒಂದು ತರಗತಿಯ ಶಕ್ತಿಗೆ ಮೀರಿದ ಕೆಲಸವಲ್ಲ. ಅಡಿಕೋಲು, ತೂಗುಗುಂಡು, ದಾರ ಮತ್ತು ಒಂದು ಬಿಸಿಲಿನ ದಿನ, ಇಷ್ಟು ಸಾಕು. ನಮ್ಮ ವಿಭಾಗದಲ್ಲಿ ಈ ಕಾರ್ಯವನ್ನು ಆರಂಭಿಸಿದೆ. ಇತರ ಕಾಲೇಜುಗಳ ಅಧ್ಯಾಪಕರೂ ತಮ್ಮ ತಮ್ಮ ಸೀಮೆಗಳಲ್ಲಿ ಇದನ್ನು ಕೈಗೊಂಡರೆ, ಮುಂದಿನ ಜೀರ್ಣೋದ್ಧಾರಕ್ಕೆ ಮೊದಲೇ ಗೋಡೆಯ ಸಾಕ್ಷ್ಯ ನಮ್ಮ ಕೈಸೇರುವುದು.